ಧಾರವಾಡಕ್ಕ ಹೊಂಟ ಬ್ಯಾಂಡು

ಏನಂದಿ? ನಾ ಬರೂದ ಬ್ಯಾಡ? ನಾಳೆ ಕಾಲೇಜ ಬ್ಯಾಂಡು ಧಾರವಾಡಕ್ಕ ಸ್ಪರ್ಧಾಕ್ಕ ಹೋಗತೈತಿ, ಬ್ಯಾಂಡ್ ಮಾಸ್ತರ ಮನ್ಯಾಗ ಇರಬೇಕು? ಲೇ ಧನಪಾಲ, ಈ ಕಡೆ ಮುಖ ಮಾಡಿ ಮಾತಾಡು. ಬಿಸಿಲ ಬಡದ್ರ ಬಡೀಲಿ. ಎದುರಿಗೆ ಕುಂದ್ರು. ಹಾಂ.

ತುಟಿ ಮ್ಯಾಲ ಯಾಕ ಬೆರಳ ಇಡತಿ? ಒದರಾಕತ್ತೇನೇನು? ನನ್ನ ದನೀನ ಹಂಗ. ಮಿಲಿಟರಿ ಪಲ್ಟನ್ ಬ್ಯಾಂಡಿನ್ಯಾಗ ಇದ್ದಾವ ಪಿಸಪಿಸ ಅಂತಾನೇನು?

ಹೇಳು. ಸಾವಕಾಶ ಹೇಳು... ಯಾರು? ಯಾವ ಮಗ ಅಂದ, ಗಂಗಾರಾಮ ಮಾಸ್ತರನ ಕಿವಿ ಹೋಗ್ಯಾವಂತ? ಪ್ರಿನ್ಸಿಪಾಲ್ರು? ಅವರಿಗೇನ ಗೊತ್ತು! ಅವರಿಗೆ ಬ್ಯಾಂಡ್ ಅಂದ್ರ ಮದವಿ ಮೆರವಣಿಗಿ. ಅಷ್ಟ. ನಗಬ್ಯಾಡ. ನಗೂ ಮಾತಲ್ಲ.

ಎಂಬತ್ತೆರಡರಾಗ ನೀ ಇಲ್ಲಿ ಬಿಗುಲ ಊದತಿದ್ದಿ. ನೆನಪೈತಿ? ನಮ್ಮ ನಿಪ್ಪಾಣಿ ತಂಬಾಕದ ಘಾಟಿಗೆ ಸಾಲಿಗೆ ಸಾಲ ಸೀನತಿದ್ರಿ. ಬಿಸಿನೀರ ಮುಕ್ಕಳಿಸಾಕ ಹಚ್ಚಿ ಸೀನ ನಿಂದರ್ಸಿದಾವ ಯಾರು? ಈಗ ನೀ ಇಲ್ಲೇ ಡ್ರಿಲ್ ಮಾಸ್ತರ ಆಗೀದಿ. ಚಲೋ ಆತು. ನೀನ ಮುಂದ ನಡಿ. ನನಗ ಬಸ್ಸಿನ್ಯಾಗ ಹಿಂದಿನ ಸೀಟ ಕೊಡು, ಸಾಕು. ಒಂದ ಸಲ... ಆ ದೊಡ್ಡ ಮೈದಾನದಾಗ ನನ್ನ ಹುಡುಗರ ತಿರುಗೂದ ಒಂದ ಸಲ ನೋಡತೇನಿ.

ಇವತ್ತ ಮುಂಜಾನಿ ನೀನೂ ಇಲ್ಲೇ ನಿಂತಿದ್ದೆಲ್ಲ! ಸಾಲಿನೊಳಗ ಸಾಲ ಹಾದು ಹೋತು. ಒಬ್ಬರ ಮೊಳಕೈ ಒಬ್ಬರಿಗೆ ತಾಕಲಿಲ್ಲ! ಮುಂದ ನಡಿಯೂ ಹುಡುಗ, ಆ ಉತ್ತಮ, ಕೋಲ ತೂರಿದ, ಈ ಬೇವಿನ ಗಿಡದ ಮ್ಯಾಲಕ್ಕ! ಕತ್ತ ಎತ್ತದ ಹಿಡದ. ಆ ಸುಗಂಧಾ... ಬೀಡಿ ಕಟ್ಟಿದ ಕೈ ಅಲ್ಲೇನು, ಡ್ರಮ್ಮಿನ ಮ್ಯಾಲ ಕಡ್ಡಿ ಆಡೂ ಜೋರಿಗೆ ಕಣ್ಣಿಗೆ ಸಿಗಲಿಲ್ಲ.

ಮತ್ತ ಅದ ಮಾತ! ಕಿವಿ, ಕಿವಿ! ಕೇಳತಾವ ಲೇ! ಸಾಕ್ಷಿ ಬೇಕು? ತಗೋ. ಎರಡನೇ ಸಾಲಿನ ಕೊಳಲ ಇವತ್ತ ಚೂರ ಮುಂದ ಓಡಿದ್ವು. ತಿರುವಿನ್ಯಾಗ ದೊಡ್ಡ ಡೋಲು ಅವನ್ನ ಹಿಡದ ತಂತು. ಆಮ್ಯಾಲ ಎಲ್ಲಾ ಒಂದ ದನಿ! ಅಷ್ಟ ಚಂದ ಅವರು ಎಂದೂ ಊದಿಲ್ಲ. ಅದಕ್ಕ ನಾ ಭಲೇ ಅಂತ ಒದರಿದ್ದು. ಕಿವುಡಗ ಇದೆಲ್ಲಾ ತಿಳೀತೈತೇನು? ಹೇಳು!

ಹೇಳು...

ತಲಿ ಯಾಕ ಕೆಳಗ ಹಾಕಿದಿ? ತುಟಿ ಕಾಣವಲ್ವು. ಧನಪಾಲಾ... ಇಲ್ಲಿ ನೋಡು.

ಏನ ತೋರಸ್ತಿ? ಕಾಲೇಜ ಖೋಲಿ... ಕಿಡಕ್ಯಾಗ ಹುಡುಗರು ಬರಿಯಾಕತ್ತಾರ. ಪರೀಕ್ಷಾ. ಅದಕ್ಕೇನೀಗ?

ಮುಂಜಾನಿಂದ ನಡದೈತಿ?

ನೀ ಬ್ಯಾಂಡಿನವರಿಗೆ ಹೇಳಿದಿ? ಯಾವಾಗ? ನನಗ ಬೆನ್ನ ಮಾಡಿ ನಿಂತಿದ್ದೆಲ್ಲ, ಆವಾಗ? ಏನಂತ ಹೇಳಿದಿ? ಮತ್ತೊಮ್ಮೆ ಅನ್ನು... ಸಪ್ಪಳ ಬ್ಯಾಡ, ಬರೇ ಹೆಜ್ಜಿ?

ಒಬ್ಬರೂ ಊದಲಿಲ್ಲ?

ಸುಗಂಧಾ? ಆಕಿ ಕಡ್ಡಿ ಆಡೂದ ನಾ ಕಣ್ಣಾರೆ... ಡ್ರಮ್ಮಿನ ಚರ್ಮಕ್ಕ ತಾಕಲಿಲ್ಲ? ಗಾಳ್ಯಾಗ?

ನಾ ಭಲೇ ಅಂತ ಒದರಿದಾಗ... ಹುಡುಗರು ನಕ್ಕರೇನು?

ಇಲ್ಲ? ಒಬ್ಬರೂ?

ಹೂಂ.

ಎದ್ದೇಳು. ಬಸ್ಸ ಎಷ್ಟೊತ್ತಿಗಿದ್ರೂ ನನ್ನ ಕರಿಯಾಕ ಯಾರನ್ನೂ ಕಳಸಬ್ಯಾಡ. ನಾ ಬರಂಗಿಲ್ಲ. ನೀವ ಹೋಗಿ ಬರ್ರಿ.