ಕೂಗುವ ವ್ಯಾನು

ಭಾರತೀನಗರದ ಗ್ಯಾರೇಜಿನಲ್ಲಿ ಆಶಾರಾಣಿ ತನ್ನ ಸ್ಕೂಟರಿನ ಪಂಕ್ಚರ್ ರಿಪೇರಿಗೆ ಕಾಯುತ್ತ ಕೂತಿದ್ದಳು. ಪಕ್ಕದ ವ್ಯಾನಿನ ಕೆಳಗಿನಿಂದ ಮೆಕ್ಯಾನಿಕ್ ಕರಿಸಿದ್ದಯ್ಯ ಡ್ರೈವರನಿಗೆ ಹೇಳಿದ್ದು ಅವಳಿಗೂ ಕೇಳಿಸಿತು.

“ಲೇ ಲಿಂಗರಾಜು, ಸ್ಪೀಡ್ ಸೆನ್ಸರ್ ಚೆನ್ನಾಗೇ ಅದೆ ಕಣ್ಲಾ. ಅದರ ವೈರ್ ಕಿತ್ತೋಗದೆ. ಅದಕ್ಕೇ ಮೀಟರ್ ಮುಳ್ಳು ಏಳ್ತಿಲ್ಲ.”

“ನಾನೇ ಕಿತ್ತಿದ್ದು ಕಣಣ್ಣ.”

“ಯಾಕ್ಲಾ?”

“ಎಂಬತ್ತು ದಾಟುದ್ರೆ ಬೀಪ್ ಬೀಪ್ ಅಂತ ಬಡ್ಕತದಲ್ಲ, ಅದಕ್ಕೆ. ನಮ್ಮೂರ ಚಿಕ್ಕನಂಜಮ್ಮನ ಮಗನ್ನ ಮಂಡ್ಯದ ಆಸ್ಪತ್ರೆಗೆ ಎತ್ತಾಕ್ಕಂಡು ಓಯ್ತಿದ್ದೆ. ಅದು ಕೂಗ್ದಾಗೆಲ್ಲ ಆಯಮ್ಮ, ನನ್ ಮಗಂಗೇನೋ ಆಯ್ತಾ ಅದೆ ಅಂತ ಎದೆ ಬಡ್ಕತಿದ್ಲು.”

“ಅದು ಗಾಡಿ ಸದ್ದು ಅಂತ ಏಳ್ಬಾರ್ದಾ?”

“ಏಳ್ದೆ. ಕಿವಿಗೇ ಆಕ್ಕನಿಲ್ಲ. ಗೆಜ್ಜಲಗೆರೆ ತಾವ ನಿಲ್ಸಿ ಕಿತ್ತಾಕ್ದೆ.”

“ಹುಡುಗ?”

“ಉಳೀನಿಲ್ಲ.”

ಕೆಳಗಿನ ಸ್ಪ್ಯಾನರಿನ ಸದ್ದು ನಿಂತುಹೋಯಿತು.

“ನೀನು ಒಸಿ ನಿಲ್ಸಿದ್ದಕ್ಕೆ ಆ ಹುಡುಗ ಓದ ಅನ್ಕಬ್ಯಾಡ ಕಣ್ಲಾ.”

“ಅದಲ್ಲ ಕಣಣ್ಣ.”

ಕರಿಸಿದ್ದಯ್ಯ ವೈರು ಸಿಕ್ಕಿಸಿ, ಕೈ ಒರೆಸಿಕೊಳ್ಳುತ್ತ ಹೊರಬಂದ. “ಇಷ್ಟಕ್ಕೆ ಇಲ್ಲೀಗಂಟ ಬಂದ್ಯಾ? ನೀನೇ ಸಿಕ್ಕಿಸ್ಬೌದಿತ್ತಲ್ಲ.”

“ಕೈ ಬರ್ನಿಲ್ಲ.”

“ಆಯ್ತು ಬುಡು. ಒಂದು ಸುತ್ತು ಓಡ್ಸಿ ನೋಡುವ, ನಡಿ.”

ಇಬ್ಬರೂ ವ್ಯಾನು ಹತ್ತಿದರು. ಕೀಲಿ ಹಿಡಿದ ಲಿಂಗರಾಜು ಅದನ್ನು ತಿರುಗಿಸದೆ ಕೂತ.

“ಹೆಣ ತರುವಾಗ ದಾರಿ ಉದ್ದಕ್ಕೂ ಆಯಮ್ಮ ಒಂದೇ ಕೇಳ್ತಿದ್ಲು ಕಣಣ್ಣ. ಆಗ ಬೀಪ್ ಬೀಪ್ ಅಂತ ಕೂಗ್ತಿತ್ತಲ್ಲ, ಅದು ಕೂಗೋಗಂಟ ನನ್ ಮಗ ಜೀವಂತ ಇದ್ದ, ಇನ್ನೊಂದ್ಸಲ ಕೂಗ್ಸಪ್ಪ ಅಂತ.”

ಕರಿಸಿದ್ದಯ್ಯ ತಾನೇ ಕೈ ಚಾಚಿ ಕೀಲಿ ತಿರುಗಿಸಿದ. ವ್ಯಾನು ಮದ್ದೂರಿನ ರಸ್ತೆಗೆ ನಿಧಾನವಾಗಿ ಇಳಿಯಿತು.