ತಂತಿ ಬಿಚ್ಚಿದ ಮಧ್ಯಾಹ್ನ

...ಏಡಿ ಬೇಡ ಬಿಡು! ನಾನೇ ಹೇಳ್ತಾ ಇದೀನಲ್ಲ, ಏಡಿ ಬೇಡ. ಅದನ್ನ ಕಟಕಟ ಅಂತ ಕಡಿಯೋಕೆ ನಿನ್ನ ದವಡೇಲಿ ಇನ್ನೂ ಶಕ್ತಿ ಎಲ್ಲಿದೆ? ದ್ವೀಪಕ್ಕೆ ಹೋಗ್ತೀವಿ ಅಂದರೆ ಸಾಕು, ಎಲ್ಲರೂ ಏಡಿ ಏಡಿ ಅಂತ ಬಾಯಿ ಬಿಡ್ತಾರೆ... ಅಯ್ಯೋ, ಬಾಯಿ ಬಿಡ್ತಾರೆ ಅಂದೆ ನೋಡು, ನಿನ್ನ ಮುಂದೆ! ನಗು ಬಂತಾ? ಬರಲಿಲ್ವಾ? ಸ್ವಲ್ಪ ಬಂದ ಹಾಗಿತ್ತಪ್ಪ.

ಸರಿ, ಮೀನು. ಬೇಯಿಸಿದ ಮೀನು. ಮುಳ್ಳೆಲ್ಲ ನಾನೇ ಬಿಡಿಸಿ ಕೊಡ್ತೀನಿ. ಸಮುದ್ರದ ಪಕ್ಕದಲ್ಲೇ ಒಂದು ಹೋಟೆಲ್ ಇದೆಯಂತೆ, ಮರಳಿನ ಮೇಲೇ ಮೇಜು ಹಾಕಿರ್ತಾರಂತೆ, ಚಪ್ಪಲಿ ಬಿಚ್ಚಿ ಕಾಲು ಮರಳಲ್ಲಿ ಹೂತುಕೊಂಡು ತಿನ್ನೋದು. ನಮ್ಮ ಅಂಗಡಿ ಏಸಿ ಮೆಕ್ಯಾನಿಕ್ಕು ಇಲ್ವಾ, ನಾನು ಫ್ರಿಜ್ ಬಿಚ್ಚಿದರೆ ಅವನು ಏಸಿ ಬಿಚ್ಚೋನು, ಅವನು ಹೆಂಡತಿ ಜೊತೆ ಹೋಗಿ ಬಂದಿದಾನೆ. "ಗುರೂ, ಆ ಮೀನು ನಾಲಿಗೆ ಮೇಲೆ ಇಟ್ಟರೆ ಸಾಕು, ಹಲ್ಲಿಗೆ ಕೆಲಸಾನೇ ಇಲ್ಲ" ಅಂದ. ನಿನಗೆ ಅಂತಲೇ ಮಾಡಿದ ಹಾಗಿದೆ, ಅಲ್ವಾ?

ಅಲ್ವಾ?

ಡಾಕ್ಟರು ಬೆಳಿಗ್ಗೆ ಏನಂದ್ರು, ನೆನಪಿದೆ ತಾನೇ? ತಂತಿ ಬಿಚ್ಚಿದ್ದಾಯ್ತು, ಮೂಳೆ ಚೆನ್ನಾಗಿ ಕೂಡಿದೆ. ಇನ್ನು ಸ್ವಲ್ಪ ದಿನ ಮೆತ್ತಗಿನದು ತಿನ್ನಿ. ಕನ್ನಡಿ ಮುಂದೆ ನಿಂತು ಬಾಯಿ ತೆಗೆದು ಮುಚ್ಚಿ ಅಭ್ಯಾಸ ಮಾಡಿ. ಮತ್ತೆ... ಮಾತಾಡಿ! ಎಷ್ಟು ಮಾತಾಡಿದರೆ ಅಷ್ಟು ಒಳ್ಳೇದು ಅಂದ್ರು. ಹೆಂಡತಿ ಜಾಸ್ತಿ ಮಾತಾಡಬೇಕು ಅಂತ ಯಾವ ಗಂಡನಿಗೆ ಯಾವ ಡಾಕ್ಟರು ಚೀಟಿ ಬರೆದು ಕೊಟ್ಟಿದಾರೆ, ಹೇಳು! ಆ ನರ್ಸಮ್ಮ ಎಷ್ಟು ನಕ್ಕಳು. ನೀನೊಬ್ಬಳೇ ನಗಲಿಲ್ಲ.

ನೋವಾ? ತಲೆ ಅಲ್ಲಾಡಿಸ್ತೀಯ. ನೋವಿಲ್ಲ. ಮತ್ತೆ?

ಇಷ್ಟು ದಿನ ಮೇಲಿನ ದವಡೇನೂ ಕೆಳಗಿನ ದವಡೇನೂ ಸೇರಿಸಿ ಬಿಗಿದಿದ್ರು, ಮಾತಾಡೋಕೆ ಆಗ್ತಿರಲಿಲ್ಲ, ಸರಿ. ಎಲ್ಲಾ ಸ್ಟ್ರಾದಲ್ಲೇ ಕುಡೀತಾ ಇದ್ದೆ. ಬೇಕಾದ್ದನ್ನ ಸ್ಲೇಟಲ್ಲಿ ಬರೀತಿದ್ದೆ. 'ಉಪ್ಪು ಜಾಸ್ತಿ.' 'ಕಿಟಕಿ ಹಾಕಿ.' 'ನಿಮ್ಮ ಶರ್ಟು ಉಲ್ಟಾ ಇದೆ.' ಆದರೆ ಇವತ್ತು ಆಟೋದಲ್ಲಿ ಮನೆಗೆ ಬಂದಾಗಿನಿಂದ ಕಾಯ್ತಾ ಇದೀನಿ ಕಣೇ. ಮೊದಲನೇ ಮಾತು ಏನು ಬರುತ್ತೋ ಅಂತ. ರೀ ಅಂತೀಯೋ, ನೀರು ಅಂತೀಯೋ... ಒಂದೂ ಇಲ್ಲ. ನಿನಗೆ ಮೈಕು ಅಂತ ಹೆಸರಿಟ್ಟವನು ನಾನು! ಬಸ್ ನಿಲ್ದಾಣದಲ್ಲಿ ಇಡೀ ದಿನ "ಪ್ರಯಾಣಿಕರ ಗಮನಕ್ಕೆ" ಅಂತ ಕೂಗಿ, ಮನೆಗೆ ಬಂದು ಅದೇ ಗಂಟಲಲ್ಲಿ "ಊಟಕ್ಕೆ ಬನ್ನಿ" ಅಂದರೆ ಪಕ್ಕದ ಮನೆಯವರೂ ಕೈ ತೊಳಕೊಂಡು ಬರೋ ಹಾಗಿರ್ತಿತ್ತು. ಈಗ ಅಲ್ಲಿ ಟೇಪು ಹಾಕ್ತಿದಾರೆ ಕಣೇ, ಗೊತ್ತಾ? ಯಾವಳೋ ಒಬ್ಬಳ ಧ್ವನಿ. ಎಲ್ಲಾ ಬಸ್ಸನ್ನೂ ಒಂದೇ ರಾಗದಲ್ಲಿ ಕರೀತಾಳೆ, ಸತ್ತವರ ಸುದ್ದಿ ಹೇಳೋ ಹಾಗೆ. ನಿಮ್ಮ ಕಂಟ್ರೋಲರ್ ಸಿಕ್ಕಿದ್ರು, "ಯಾವಾಗ ಬರ್ತಾರಪ್ಪಾ ನಮ್ಮ ಮೇಡಂ" ಅಂತ ಕೇಳಿದ್ರು. ದ್ವೀಪಕ್ಕೆ ಹೋಗಿ ಬಂದ ಮೇಲೆ ಅಂದೆ.

ಹ್ಞೂಂ, ಹೋಗೇ ಹೋಗ್ತೀವಿ. ಟಿಕೆಟ್ ಆಗಿದೆ. ಕೇಳು, ಎಲ್ಲಾ ಯೋಚನೆ ಮಾಡಿದೀನಿ. ದೋಣಿ ಇಳಿದ ತಕ್ಷಣ ರೂಮಿಗೆ ಹೋಗಿ ಬ್ಯಾಗ್ ಬಿಸಾಕೋದು, ಏನೂ ಮಾಡದೆ ಸಮುದ್ರ ನೋಡ್ತಾ ಬಿದ್ದಿರೋದು. ಎರಡು ಮರಕ್ಕೆ ಕಟ್ಟಿರೋ ಬಲೆ ಉಯ್ಯಾಲೆ ಇರುತ್ತಂತೆ, ಅದರಲ್ಲಿ ನೀನು. ನಾನು ಕೆಳಗೆ. ತೂಗ್ತೀನಿ. ಮಾರನೇ ದಿನ ಗಾಜಿನ ತಳದ ದೋಣಿ! ಕೂತಲ್ಲಿಂದಲೇ ಕಾಲ ಕೆಳಗೆ ಮೀನು ಓಡಾಡೋದು ಕಾಣುತ್ತೆ, ನೀಲಿ, ಹಳದಿ, ಪಟ್ಟೆಪಟ್ಟೆದು. ತಿಂಡಿಗೆ ಪಪ್ಪಾಯ, ಬಾಳೆಹಣ್ಣು, ಮೊಟ್ಟೆ ಹಾಕಿದ ಕಸ್ಟರ್ಡು. ಎಳನೀರಿನ ಗಂಜಿ ಹಾಕಿ ಐಸ್‌ಕ್ರೀಮ್ ಮಾಡ್ತಾರಂತೆ, ಚಿಪ್ಪಲ್ಲೇ ಕೊಡ್ತಾರಂತೆ. ಅದು ಮೂರು ಹೊತ್ತೂ ತಿನ್ನು, ಯಾರು ಕೇಳ್ತಾರೆ? ಮಧ್ಯಾಹ್ನ ಲೈಟ್‌ಹೌಸ್ ನೋಡೋದು. ಸ್ವಲ್ಪ ದೂರ, ಆದರೆ ಅಲ್ಲಿ ಬಾಡಿಗೆಗೆ ಸ್ಕೂಟರ್ ಸಿಗುತ್ತಂತೆ, ನೀನು ಹಿಂದೆ ಕೂತರೆ ಒಂದೇ ಸುತ್ತಿಗೆ...

ಇಲ್ಲ ಇಲ್ಲ. ಸ್ಕೂಟರ್ ಬೇಡ. ನಡೆದೇ ಹೋಗೋಣ. ಚಿಕ್ಕ ದ್ವೀಪ. ನಡೆದರೆ ಮೈಗೂ ಒಳ್ಳೇದು.

ಯಾಕೆ ಹಾಗೆ ನೋಡ್ತೀಯ? ಬೇಡ ಅಂದೆನಲ್ಲ!

ಅಮ್ಮ ನಿನಗೆ ತರಕಾರಿ ರುಬ್ತಾ ಇದಾಳೆ, ಕೇಳಿಸ್ತಿದೆಯಾ ಮಿಕ್ಸಿ? ಬೆಳಿಗ್ಗೆಯಿಂದ ಅದೇ ಕೆಲಸ. ಬಾಯಲ್ಲಿ ಏನೇ ಅಂದರೂ ಕೈಯಲ್ಲಿ ಮಾಡ್ತಾಳೆ ಪಾಪ... ಹೌದು, ಅಂದಳು. ನಿನಗೆ ಬೇಜಾರಾಗಿದೆ ಅಂತ ಗೊತ್ತು. ಮೇಲಿನ ಮನೆಯವರು ನೋಡೋಕೆ ಬಂದಾಗ "ನಮ್ಮ ಮೈಕಿಗೆ ಕರೆಂಟ್ ಹೋಗಿದೆ, ಗಾಡಿ ಮೇಲೆ ಕೂತು ಜಗಳ ಆಡಿ ಗಂಡನ ಬೆನ್ನಿಗೆ ಗುದ್ದಿದರೆ ಇನ್ನೇನಾಗುತ್ತೆ" ಅಂದಳಲ್ಲ. ಎಲ್ಲರೂ ನಕ್ಕರು. ನಾನು... ನಾನೂ ನಕ್ಕೆ. ಏನೋ ಒಂದು ತಮಾಷೆ ಅಂತ. ನಗದೆ ಇದ್ದಿದ್ದರೆ ಯಾಕೆ ನಗಲಿಲ್ಲ ಅಂತ ಕೇಳ್ತಿದ್ದರು.

ಬಿಡು ಅದನ್ನ. ಹಳೇದೆಲ್ಲ ಯಾಕೆ? ಇಲ್ಲಿ ಬಾ, ಇಲ್ಲ, ನಾನೇ ಅಲ್ಲಿಗೆ ಬರ್ತೀನಿ, ಸ್ವಲ್ಪ ಆ ಕಡೆ ಸರಿದು ಕೂತ್ಕೋ. ನೀರಿನ ಬಣ್ಣ ತೋರಿಸ್ತೀನಿ ಇರು. ಹೇಳಿದರೆ ನಂಬಲ್ಲ ನೀನು. ಏಸಿ ಮೆಕ್ಯಾನಿಕ್ಕು ದೋಣಿಯಿಂದ ತೆಗೆದ ವೀಡಿಯೋ ಇದೆ... ಎಲ್ಲಿ ಹೋಯ್ತು... ಹಾಂ, ನೋಡು! ಇಲ್ಲಿ ಹಸಿರು, ಅಲ್ಲಿ ನೀಲಿ, ಮಧ್ಯ ಗೆರೆ ಎಳೆದ ಹಾಗೆ...

ಏ. ಯಾಕೆ ಗೋಡೆ ಕಡೆ ತಿರುಗಿದೆ?

ಓ.

ಇದು... ಹೌದು. ಅದೇ ವೀಡಿಯೋ. ಅಳಿಸಬೇಕಿತ್ತು ನಾನು. ನೆನಪೇ ಆಗಲಿಲ್ಲ ಕಣೇ, ಆಣೆಗೂ. ತಗೋ, ಆಫ್ ಮಾಡಿದೆ. ಜೇಬಿಗೆ ಹಾಕಿದೆ. ಈ ಕಡೆ ತಿರುಗು.

ಅಲ್ಲ, ಆ ವೀಡಿಯೋಗೂ ಗಾಡಿ ಬಿದ್ದಿದ್ದಕ್ಕೂ ಏನು ಸಂಬಂಧ ಅಂತೀನಿ. ಗಾಡಿ ರಸ್ತೆ ಮಧ್ಯದ ಕಟ್ಟೆಗೆ ಹೊಡೀತು. ಹೊಡೆಯೋಕೆ ಮುಂಚೆ ನೀನು ಬೆನ್ನಿಗೆ ಗುದ್ದಿದೆ. ಗುದ್ದಿದೆಯೋ ಇಲ್ವೋ? ತಲೆ ಆಡಿಸ್ತೀಯ. ಹೌದು ಅಂತೀಯ. ಮತ್ತೆ! ನಾನು ಹೇಳಿದ್ದರಲ್ಲಿ ಸುಳ್ಳೇನಿದೆ? ಗುದ್ದಿದಳು, ಹ್ಯಾಂಡಲ್ ತಿರುಗಿತು, ಅಂದೆ. ಅಷ್ಟೇ ಅಂದಿದ್ದು...

ಜಗಳ ಅಂತಲೂ ಅಂದೆ. ಹೌದು. ಅದು ಬಾಯಿ ತಪ್ಪಿ ಬಂತು.

ಹಾಗೆ ನೋಡಬೇಡ. ಬೈ ಬೇಕಾದರೆ. ಬಾಯಿ ಬಂದಿದೆಯಲ್ಲ, ಬೈ! ಮೈಕಲ್ಲಿ ಕೂಗು, ಊರಿಗೆಲ್ಲ ಕೇಳಲಿ. ಸುಮ್ಮನೆ ಮಾತ್ರ ಕೂರಬೇಡ ಕಣೇ, ನನಗೆ ಇದು ಆಗಲ್ಲ. ತಂತಿ ಇದ್ದಾಗ ಬೇರೆ ಮಾತು. ಆಗ ನೀನು ಸುಮ್ಮನಿದ್ದದ್ದು ತಂತಿಯಿಂದ ಅಂದುಕೊಂಡೆ. ಆರಾಮಾಗಿದ್ದೆ ಅಂತ ಹೇಳಲ್ಲ, ಆದರೆ ನಿದ್ದೆ ಬರ್ತಿತ್ತು.

ನೀನೇ ಯೋಚನೆ ಮಾಡು, ಆವತ್ತು ನನ್ನ ಸ್ಥಿತಿ ಏನಿತ್ತು? ಆಸ್ಪತ್ರೆ ಹೊರಗಡೆ ನಿಂತಿದೀನಿ, ಅಂಗಿ ತುಂಬಾ ನಿನ್ನ ರಕ್ತ. ನಿಮ್ಮಣ್ಣ ಓಡಿ ಬಂದ್ರು. ಬಂದವರು ನನ್ನ ಎರಡೂ ತೋಳು ಹಿಡಕೊಂಡು "ಹೇಗಾಯ್ತು?" ಅಂದ್ರು. ಅವರ ಮುಖ ನೋಡಿದೆ. ನಿನ್ನದೇ ಮುಖ ಅದು, ಮೀಸೆ ಒಂದು ಬಿಟ್ಟರೆ. ಹೇಳೋಣ ಅಂತಲೇ ಬಾಯಿ ತೆಗೆದೆ... "ನಿಮ್ಮ ತಂಗಿ ಹಿಂದಿನಿಂದ ಗುದ್ದಿದಳು ಭಾವ, ಏನೋ ಜಗಳ ಆಡ್ತಾ ಇದ್ದಳು" ಅಂತ ಬಂತು. ಯಾಕೆ ಹಾಗೆ ಬಂತೋ ಗೊತ್ತಿಲ್ಲ. ಒಂದು ಸಲ ಬಂದ ಮೇಲೆ ವಾಪಸ್ಸು ನುಂಗೋದು ಹೇಗೆ? ಅವರು ಅಮ್ಮನಿಗೆ ಹೇಳಿದ್ರು, ಅಮ್ಮ ಮೇಲಿನ ಮನೆಗೆ ಹೇಳಿದಳು. ನಾನು ಆಮೇಲೆ ಒಂದು ಸಲವೂ ಹೇಳಲಿಲ್ಲ ನೋಡು. ಎಲ್ಲಾ ಅವರವರೇ ಹೇಳಿಕೊಂಡರು. ನಾನು ಬರೀ... ಸುಮ್ಮನಿದ್ದೆ.

ಗೊತ್ತು. ನಿಮ್ಮಣ್ಣ ನಿನ್ನ ಮಂಚದ ಹತ್ತಿರ ನಿಂತು ಬೈದರಲ್ಲ, ಅದನ್ನೇ ಹೇಳ್ತಿದೀಯ ಕಣ್ಣಲ್ಲಿ. "ಮನೇಲಿ ಮಾತಾಡೋದು ಸಾಲದು ಅಂತ ರಸ್ತೇಲೂ ಬೇಕಾ ನಿನಗೆ? ಅವನ ಪ್ರಾಣ ಹೋಗಿದ್ದರೆ?" ಅಂದ್ರು. ಅವರಿಗೂ ಭಯ, ಸಂಕಟ, ಅದಕ್ಕೇ ಅಂದ್ರು. ನಿನ್ನ ಕಣ್ಣಿಂದ ನೀರು ಕಿವಿ ಕಡೆ ಇಳೀತಾ ಇತ್ತು. ಒರೆಸೋಕೆ ಕೈ ಎತ್ತಿದರೆ ಕೈಗೆ ಡ್ರಿಪ್ಪು. ನಾನು ಪಕ್ಕದಲ್ಲೇ ಇದ್ದೆ. ಆ ಡ್ರಿಪ್ಪಿನ ಸ್ಟ್ಯಾಂಡ್ ಸರಿ ಇದ್ದರೂ ಅದನ್ನ ಅತ್ತ ಇತ್ತ ಸರಿಸ್ತಾ ಇದ್ದೆ. ಏನೋ ದೊಡ್ಡ ಕೆಲಸ ಇರೋನ ಹಾಗೆ.

ಆಮೇಲೆ ಅವರೇ ಸ್ಲೇಟು ತಂದು ಕೈಗೆ ಕೊಟ್ಟರು. "ಏನಾದ್ರೂ ಹೇಳೋದಿದ್ದರೆ ಬರಿ" ಅಂದ್ರು. ನೀನು ಬಳಪ ಹಿಡಕೊಂಡೆ. ನನ್ನ ಕಡೆ ನೋಡಿದೆ. ಎಷ್ಟು ಹೊತ್ತು ನೋಡಿದೆ ಕಣೇ! ಆಮೇಲೆ ಬಳಪ ಕೆಳಗಿಟ್ಟೆ. ಏನೂ ಬರೀಲಿಲ್ಲ. ನಾನು ಅಂದುಕೊಂಡೆ... ಕ್ಷಮಿಸಿದಳು ಅಂತ. ಇಲ್ಲ ಅಂದರೆ ಬರೀತಿದ್ದಳಲ್ಲ ಅಂತ.

ಅದಲ್ವಾ?

ಅಲ್ಲ. ನೀನು ಕಾಯ್ತಾ ಇದ್ದೆ. ನಾನು ಬಾಯಿ ಬಿಡ್ತೀನಾ ಅಂತ. ಆವತ್ತಿಂದಲೂ ಕಾಯ್ತಾ ಇದೀಯ. ಈಗಲೂ.

ಗುದ್ದಲಿಲ್ಲ ಕಣೇ ನೀನು. ಗುದ್ದಿದ್ದು ಅಂದರೆ... ತಟ್ಟಿದ್ದು. ಫೋನು ನನ್ನ ಎಡಗೈಲಿತ್ತು. ಆ ವೀಡಿಯೋ ಆಗತಾನೆ ಬಂದಿತ್ತು, ನಿನಗೆ ತೋರಿಸಬೇಕು ಅಂತ ಹೆಗಲ ಮೇಲಿಂದ ಹಿಂದಕ್ಕೆ ಹಿಡಿದಿದ್ದೆ. "ಬಣ್ಣ ನೋಡೇ, ಬಣ್ಣ ನೋಡೇ" ಅಂತಿದ್ದೆ. ನಾನೂ ತಿರುಗಿ ಅದನ್ನೇ ನೋಡ್ತಿದ್ದೆ. ನೀನು "ರೀ, ಮುಂದೆ ನೋಡ್ರೀ" ಅಂದೆ. ಒಂದು ಸಲ ಅಂದೆ. ಎರಡನೇ ಸಲ ಕೂಗಿದೆ. ಮೂರನೇ ಸಲ ಬೆನ್ನಿಗೆ ಹೊಡೆದೆ. ನಾನು ಮುಂದಕ್ಕೆ ತಿರುಗೋ ಹೊತ್ತಿಗೆ ಕಟ್ಟೆ ಬಂದಿತ್ತು. ನಾನು ಹೆಲ್ಮೆಟ್ ಹಾಕಿದ್ದೆ. ನನಗೆ ಮೊಣಕೈ ತರಚಿತು, ಅಷ್ಟೇ. ನಿನಗೆ...

ನನ್ನ ಉಳಿಸೋಕೆ ಹೊಡೆದ ಏಟನ್ನ ನಿನ್ನ ತಪ್ಪು ಅಂತ ಮಾಡಿಬಿಟ್ಟೆ.

ಇನ್ನೂ ಏನು? ಮುಗೀಲಿಲ್ವಾ? ಸರಿ, ಅದನ್ನೂ ಹೇಳ್ತೀನಿ. ಡಾಕ್ಟರು ತಂತಿ ಬಿಚ್ಚೋ ದಿನ ಗೊತ್ತು ಮಾಡಿದ್ರಲ್ಲ, ಅವತ್ತು ಸಾಯಂಕಾಲವೇ ಹೋಗಿ ಟಿಕೆಟ್ ಮಾಡಿಸಿದೆ. ಸುದ್ದಿ ಕೇಳಿ ಖುಷಿಯಾಗಬೇಕು ತಾನೇ ಮನುಷ್ಯನಿಗೆ? ನನಗೆ ಹೆದರಿಕೆ ಆಯ್ತು. ಇನ್ನು ಮಾತು ಬರುತ್ತಲ್ಲ ಅಂತ. ಈ ಉಯ್ಯಾಲೆ, ಈ ಮೀನು, ಈ ಐಸ್‌ಕ್ರೀಮು... ಇದೆಲ್ಲ ನಿನಗೆ ಅಂತ ಅಲ್ಲ ಕಣೇ. ನಿನ್ನ ಬಾಯಿ ಸಿಹಿ ಮಾಡಿ ಮುಚ್ಚಿಸೋಕೆ. ಹೆಂಡತಿ ದವಡೆ ಸರಿಹೋಗ್ಲಿಲ್ಲ ಅಂದರೆ ಇನ್ನೂ ಎರಡು ವಾರ ಸಿಗುತ್ತೆ ಅಂತ ಒಂದು ಗಳಿಗೆ ಅಂದುಕೊಂಡಿದ್ದೆ ನಾನು. ಇಂಥವನ ಜೊತೆ ನೀನು ದ್ವೀಪಕ್ಕೆ...

ಅಳಬೇಡ. ದವಡೆ ಅದುರುತ್ತೆ. ಅಳಬೇಡ ಕಣೇ, ನೋವಾಗುತ್ತೆ.

ಬೆಲ್ಲು. ನಿಮ್ಮಣ್ಣ ಇರಬೇಕು, ಕೆಲಸ ಮುಗಿಸಿಕೊಂಡು ಬರ್ತೀನಿ ಅಂದಿದ್ರು, ತಂಗಿ ಮಾತು ಕೇಳಬೇಕು ಅಂತ. ಏಳಬೇಡ, ನೀನು ಕೂತ್ಕೋ. ಮುಖ ಒರೆಸಿಕೋ, ಇಲ್ಲಾ ಬೇಡ, ಹಾಗೇ ಇರಲಿ. ನೋಡಲಿ ಅವರೂ. ಏನು? ಕೈ ಯಾಕೆ ಹಿಡೀತೀಯ? ಹೋಗಬೇಡ ಅಂತಾನಾ, ಬೇಗ ಹೋಗು ಅಂತಾನಾ? ಗೊತ್ತಾಗಲ್ಲ ನನಗೆ... ಬಿಡು, ಬಾಗಿಲು ತೆಗೆದು ಬರ್ತೀನಿ.

ಅಮ್ಮಾ! ಮಿಕ್ಸಿ ನಿಲ್ಲಿಸು. ನಿಲ್ಲಿಸಮ್ಮಾ ಒಂದು ನಿಮಿಷ, ಇಲ್ಲಿ ಬಾ, ಕೈ ಆಮೇಲೆ ತೊಳಿ.

ಬನ್ನಿ ಭಾವ. ಒಳಗೆ ಬನ್ನಿ. ಇಲ್ಲ, ಇನ್ನೂ ಮಾತಾಡಿಲ್ಲ ಅವಳು. ನೋವೇನಿಲ್ಲ, ಡಾಕ್ಟರು ಎಲ್ಲಾ ಸರಿಯಿದೆ ಅಂದ್ರು. ಮೊದಲು ನಾನು ಮಾತಾಡಬೇಕು, ಅದಕ್ಕೇ... ಇಲ್ಲ, ನೀವು ಅವಳ ಪಕ್ಕದಲ್ಲಿ ಕೂತ್ಕೊಳ್ಳಿ. ನಾನು ನಿಂತಿರ್ತೀನಿ. ಅಮ್ಮ, ಅವಳ ಮುಖ ನೋಡಬೇಡ, ನನ್ನ ನೋಡು.

ಆವತ್ತು ಗಾಡಿ ಮೇಲೆ ಯಾವ ಜಗಳವೂ ಆಗಿರಲಿಲ್ಲ ಭಾವ.