ಹಾನೋರಾ ಯಾಕೆ ಬಂದಳು?

…ಇರು, ಆ ಕೂದಲ ಟೋಪನ್ನು ಆಮೇಲೆ ತೆಗೀವಂತೆ. ಬಣ್ಣದ ಮನೆ ಬಾಗಿಲು ಹಾಕಿದೀನಿ, ಯಾರೂ ಬರಲ್ಲ. ಎಲ್ಲರೂ ಆಚೆ ಚಹಾಕ್ಕೆ, ಮೊಟ್ಟೆ ಸ್ಯಾಂಡ್‌ವಿಚ್‌ಗೆ ಮುತ್ಕೊಂಡಿದಾರೆ. ಕೂತ್ಕೋ ಡಿಂಫ್ನಾ. ಸ್ಪರ್ಧೆಯ ತೀರ್ಪುಗಾರರು ಹೇಳಿದ್ದು ಕೇಳಿಸ್ಕೊಂಡ್ಯಾ?

ಏನಂದ್ರು ಅಂತ ಹುಬ್ಬು ಹಾರಿಸ್ತೀಯಾ? ಆಹಾ! ನನ್ನ ಕೈ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದೆಯಲ್ಲ!

ಡಬ್ಲಿನ್‌ನಿಂದ ಬಂದು, ನಾಟಕ ಮುಗಿದಿದ್ದೇ ತಡ ನಮ್ಮ ವೇದಿಕೆ ಹತ್ತಿ, ಇಡೀ ಊರಿನ ಮುಂದೆ ನಮ್ಮ ಪಾತ್ರಗಳ ಹೊಟ್ಟೆ ಬಗೆದು ನೋಡೋ ಮನುಷ್ಯರು… ಪ್ರತಿ ವರ್ಷ ನಮ್ಮನ್ನ ಬೈದು ಹೋಗ್ತಿದ್ರು. ಈ ಸಲ ನಿನ್ನ ಹೊಗಳಿದ್ದೇ ಹೊಗಳಿದ್ದು! "ಹಾನೋರಾ ಯಾಕೆ ಬಂದಳು?" ಅಂದ್ರು. "ಗೆಳತಿಯ ಗಂಡ ಸಾಯೋಕೆ ಬಿದ್ದಿದಾನೆ. ನೆರೆಮನೆ ಹಾನೋರಾ ಬಿಸಿ ಬ್ರೆಡ್ಡು ಹಿಡ್ಕೊಂಡು ಬರ್ತಾಳೆ. ಗೆಳತಿಗೆ ಸಮಾಧಾನ ಹೇಳೋಕಾ? ಇಲ್ಲಾ, ಅವನನ್ನ ಕಡೇ ಸಲ ನೋಡೋಕಾ? ಬರೆದವರು ಬಾಯಿ ಬಿಡಲ್ಲ. ಈ ನಟಿ ಮಾತೇ ಇಲ್ಲದೆ ಹೇಳಿಬಿಟ್ಟರು. ಮೊಣಕೈಯಲ್ಲಿ ಬಾಗಿಲ ಚಿಲಕ ಎತ್ತಿ, ಬೂಟಿನ ತುದಿ ಹಲಗೆ ಕೆಳಗೆ ಕೊಟ್ಟು, ಮಂಡಿಯಿಂದ ಮೆಲ್ಲಗೆ ನೂಕಿ… ಈ ಹೆಂಗಸು ಆ ಮನೆಗೆ ನೂರು ಸಲ ಬಂದಿದಾಳೆ!" ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ.

ಯಾಕೆ ನಗ್ತೀಯಾ? ಓ… ಡೆಕ್ಲನ್ ನೆನಪಾದ್ನಾ? ನಗು, ನಗು. ನೀನು ಬಂದ ಮೇಲೆ ಪಾದ್ರಿ ವೇಷದಲ್ಲಿ ಅವನು ಬಂದ. ತಳ್ಳಿದ, ಒದ್ದ, ಕಡೆಗೆ ನಿಲುವಂಗಿ ಎತ್ಕೊಂಡು ಆ ಸೊಂಟದೆತ್ತರದ ಅರ್ಧಬಾಗಿಲ ಮೇಲಿಂದ ಹಾರಿಯೇ ಒಳಗೆ ಬಿದ್ದ! ಸಾಯೋನ ಮನೆಗೆ ಪಾದ್ರಿ ಹಾರಿ ಬರೋದಾ!

ಆ ಬಾಗಿಲು ತೆಗೆಯೋಕೆ ಅವನಿಗೆ ಯಾಕೆ ಬರಲಿಲ್ಲ, ನಿನಗೆ ಹೇಗೆ ಬಂತು?

ಅದು ಯಾವ ಬಾಗಿಲು ಅಂತ ಗೊತ್ತಾಯ್ತಲ್ಲ? ಇಲ್ವಾ? ಸರೋವರದ ದಡದಲ್ಲಿ ನನ್ನ ಗಂಡನ ಗುಡಿಸಲಿದೆಯಲ್ಲ, ಮೀನು ಹಿಡಿಯೋಕೆ ಹೋಗ್ತಾನಲ್ಲ, ಅದರದ್ದು. ನಾಟಕದ ಬಾಗಿಲು ಲಾರಿಯಲ್ಲಿ ಮುರಿದೋಯ್ತಂತೆ. ಬಡಗಿ ಲೋರ್ಕನ್ ಪಾಪ, ಸಾಯಂಕಾಲ ಅದನ್ನೇ ಕಿತ್ಕೊಂಡು ಬಂದು ನಿಲ್ಲಿಸಿದ. ತಾಲೀಮಲ್ಲೆಲ್ಲ ಎರಡು ಕುರ್ಚಿ ಇಟ್ಟು ಇದೇ ಬಾಗಿಲು ಅಂದ್ಕೋತಿದ್ವಿ. ನಿಂಗೆ ಕಲಿಯೋಕೆ ಪುರುಸೊತ್ತೆಲ್ಲಿತ್ತು?

ತೇವಕ್ಕೆ ಊದ್ಕೊಂಡ ಬಾಗಿಲದು. ಮದುವೆಯಾದಾಗಿಂದ ನಂಗೆ ಒಂದು ದಿನವೂ ಒಲೀಲಿಲ್ಲ. ಹೊರಗೆ ನಿಂತು "ಫಿಂಟನ್, ಫಿಂಟನ್" ಅಂತ ಕೂಗ್ತಿದ್ದೆ. ಅವನು ನಗ್ತಾ ಬಂದು ತೆಗೀತಿದ್ದ. ನನಗ್ಯಾವತ್ತೂ ಹೇಳಿಕೊಡಲಿಲ್ಲ.

ಏಳಬೇಡ, ಕೂತ್ಕೋ. ನಾನು ಹಾನೋರಾ ವಿಷಯ ಹೇಳ್ತಿದೀನಿ, ಅಷ್ಟೇ! ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯಾ?

"ಆ ಕೆಸರಿಗೆ ಯಾರು ಬರ್ತಾರೆ, ಮೀನಿನ ವಾಸನೆ ಅಂದ್ರೇನೇ ವಾಕರಿಕೆ" ಅಂತಿದ್ದವಳು ನೀನೇ ತಾನೇ? ಎಷ್ಟು ಸಲ ಕರೆದೆ ಮಾರಾಯ್ತಿ! ಅವನೋ, ವಾರವಾರ ಮೀನಿಗೆ ಹೋಗಿ ಬರಿಗೈಲಿ ಬರ್ತಿದ್ದ. ನಾನು ಪೆದ್ದಿ, "ಹೋಗ್ಲಿ ಬಿಡು, ಮೀನಿಗೂ ಬುದ್ಧಿ ಬಂದಿದೆ" ಅಂತ ಆಲೂಗಡ್ಡೆ ಬೇಯಿಸಿ ಹಾಕ್ತಿದ್ದೆ…

ಇವತ್ತು ಪರದೆ ಎದ್ದಾಗ ಸಭೆಯಲ್ಲಿ ಅವನ ಮುಖ ನೋಡಿದೆ. ಬಾಗಿಲು ಕಂಡಿದ್ದೇ ಬಿಳಿಚಿಕೊಂಡ. ಇಡೀ ಸಭೆ ನಿನಗೆ ಚಪ್ಪಾಳೆ ತಟ್ಟುವಾಗ ಅವನೊಬ್ಬ ಲಾಟರಿ ಚೀಟಿ ಮಡಚ್ತಾ ಕೂತಿದ್ದ.

ಅಮ್ಮ ಸತ್ತಾಗ ಹೆಣದ ಪಕ್ಕ ನನ್ನ ಜೊತೆ ಬೆಳಗಿನ ತನಕ ಕೂತವಳು ನೀನು. ನನ್ನ ತಲೆ ನಿನ್ನ ತೊಡೆ ಮೇಲಿತ್ತು. ಬೇರೆ ಯಾರಾದ್ರೂ ಆಗಿದ್ರೆ ಉಗಿದು ಸುಮ್ಮನಾಗ್ತಿದ್ದೆ. ನೀನಾ? ನೀನಾ ಡಿಂಫ್ನಾ?

ಮಾತಾಡು. "ಹೇಗೋ ತೆಗೆದುಬಿಟ್ಟೆ" ಅನ್ನು, ನಂಬ್ತೀನಿ. ಆಣೆಗೂ ನಂಬ್ತೀನಿ… ಆ ಮೂಲೆ ಯಾಕೆ ನೋಡ್ತೀಯಾ? ಅಲ್ಲೇನೂ ಇಲ್ಲ. ಹಳೇ ಪರದೆ ಅಷ್ಟೇ. ಬಿಡು ಅದನ್ನ… ಎಳೀಬೇಡ ಅಂದೆ!

…

ಹೂಂ. ನಾಟಕದ ಬಾಗಿಲು. ಮುರಿದಿಲ್ಲ. ಒಂದು ಗೀರೂ ಬಿದ್ದಿಲ್ಲ. ನಾನೇ ಮುಚ್ಚಿಟ್ಟೆ. ಗುಡಿಸಲಿಂದು ಕಿತ್ಕೊಂಡು ಬಾ ಅಂತ ಲೋರ್ಕನ್‌ಗೆ ನಾನೇ ಹೇಳಿದೆ.

ಹಾಗೆ ನೋಡಬೇಡ! ನಿನ್ನ ಮಾನ ತೆಗೆಯೋಕೆ ಅಂತ ತಿಳ್ಕೊಂಡ್ಯಾ? ನಾನು ಸಾಯೋನ ಹೆಂಡತಿ ಪಾತ್ರದಲ್ಲಿ ಮಂಚದ ಪಕ್ಕ ಮೊಣಕಾಲೂರಿ ಕೂತಿದ್ದೆನಲ್ಲ, ಸುಳ್ಳು ಪ್ರಾರ್ಥನೆ ಅಂದ್ಕೊಂಡಿದ್ರು ಜನ. ನಿಜವಾಗ್ಲೂ ಬೇಡ್ಕೋತಿದ್ದೆ ಕಣೇ. ದೇವರೇ, ಅವಳಿಗೆ ಆ ಬಾಗಿಲು ತೆಗೆಯೋಕೆ ಬರದೇ ಇರಲಿ. ತಳ್ಳಲಿ, ಒದೀಲಿ, ಬ್ರೆಡ್ಡು ಬೀಳಿಸ್ಲಿ, ಜನ ಬಿದ್ದು ಬಿದ್ದು ನಗಲಿ, ನಾಟಕ ಹಾಳಾಗಿ ಹೋಗ್ಲಿ…

ನೀನು ಹೊರಗೆ ಪರದಾಡ್ತಾ ನಿಂತಿದ್ರೆ, ಪಾತ್ರ ಬಿಟ್ಟು ಎದ್ದು ಬಂದು ಒಳಗಿಂದ ನಾನೇ ಎಳೀತಿದ್ದೆ ಡಿಂಫ್ನಾ. ಹೇಗೆ ತೆಗೀಬೇಕು ಅಂತ ನಂಗೆ ಗೊತ್ತಿಲ್ದಿದ್ರೂ.